ಆಂಕರ್ ಕಲ್ಲಿನ ಪೆಟ್ಟಿಗೆ: ಒಂದು ಆಟಿಕೆಯ ಅಂತ್ಯವನ್ನು ಕುರಿತು ಕೆಲವು ವಿಚಾರಗಳು

1

ಮಕ್ಕಳ ಆಟಿಕೆಗಳನ್ನು ಇತಿಹಾಸದ ಆಕರಗಳೆಂದು ಎಣಿಸುವ ವಾಡಿಕೆ ನಮ್ಮ ವಿದ್ಯಾಪೀಠಗಳಲ್ಲಿ ಇನ್ನೂ ಬೇರೂರಿಲ್ಲ. ಶಾಸನ, ಕೈಫಿಯತ್ತು, ದಫ್ತರ, ನಾಣ್ಯ ಇವುಗಳಿಗೆ ಸಲ್ಲುವ ಗೌರವವು ಮನೆಯ ಮೂಲೆಯಲ್ಲಿ ಬಿದ್ದಿರುವ ಮರದ ಬೊಂಬೆಗೆ ಸಲ್ಲುವುದಿಲ್ಲ. ಆದರೆ ಆಟಿಕೆಯೂ ಮನುಷ್ಯನು ತಯಾರಿಸಿದ ಒಂದು ವಸ್ತುವೇ ಆಗಿದೆ. ಅದಕ್ಕೆ ಸಾಮಗ್ರಿಯುಂಟು, ಅಳತೆಯುಂಟು, ಬೆಲೆಯುಂಟು. ತಯಾರಿಸುವವನೂ ಕೊಳ್ಳುವವನೂ ಉಂಟು. ಆದುದರಿಂದ ಬೇರಾವ ಉದ್ಯಮದ ಚರಿತ್ರೆಯಲ್ಲಿ ನಾವು ಕೇಳುವ ಪ್ರಶ್ನೆಗಳನ್ನೂ ಆಟಿಕೆಯ ವಿಷಯದಲ್ಲಿ ಕೇಳಲು ಬಾಧಕವಿಲ್ಲ.

ಪ್ರಕೃತ ಲೇಖನಕ್ಕೆ ಪ್ರೇರಣೆ ದೊರೆತದ್ದು ನಮ್ಮ ತರಗತಿಯಿಂದಲೇ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮತ್ತು ನೆರೆಯ ಪ್ರದೇಶಗಳ ಕೈಕಸಬುಗಳನ್ನು ಕುರಿತು ವಿದ್ಯಾರ್ಥಿಗಳು ಬರೆದು ತರುವ ಪ್ರಬಂಧಗಳಲ್ಲಿ ಒಂದು ವಾಕ್ಯವು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ: ಈ ಕಸಬು ಈಗ ನಿಂತುಹೋಗಿದೆ, ಎಂದು. ಈ ವಾಕ್ಯವನ್ನು ಬರೆದ ಮೇಲೆ ಪ್ರಬಂಧವು ಮುಗಿಯಿತೆಂದು ವಿದ್ಯಾರ್ಥಿಯು ಭಾವಿಸುತ್ತಾನೆ; ಪರೀಕ್ಷಕರಾದ ನಾವೂ ಅನೇಕ ವೇಳೆ ಹಾಗೆಯೇ ಭಾವಿಸುತ್ತೇವೆ. ಆದರೆ ನಿಂತದ್ದು ಯಾವುದು? ತಯಾರಿಕೆಯೇ, ಮಾರಾಟವೇ, ಬಳಕೆಯೇ, ಅಥವಾ ಅದನ್ನು ಮಾಡುವ ವಿದ್ಯೆಯೇ? ಈ ನಾಲ್ಕೂ ಬೇರೆ ಬೇರೆ ಸಂಗತಿಗಳೆಂಬುದನ್ನು ಆ ವಾಕ್ಯವು ಮರೆಮಾಡುತ್ತದೆ.

ಈ ಭೇದವನ್ನು ಪರೀಕ್ಷಿಸಬೇಕಾದರೆ ಆರಂಭವೂ ಅಂತ್ಯವೂ ಸ್ಪಷ್ಟವಾಗಿ ದಾಖಲಾಗಿರುವ ಒಂದು ಉದಾಹರಣೆಯು ಬೇಕು. ನಮ್ಮ ಸೀಮೆಯಲ್ಲಿ ಅಂಥದು ಸುಲಭವಾಗಿ ದೊರೆಯದು. ಜರ್ಮನಿಯ ಥುರಿಂಗಿಯಾ ಪ್ರಾಂತದ ರುಡೋಲ್‌ಸ್ಟಾಟ್ ಎಂಬ ಪಟ್ಟಣದಲ್ಲಿ ತಯಾರಾಗುತ್ತಿದ್ದ ಆಂಕರ್ ಕಲ್ಲುಗಳೆಂಬ ಕಟ್ಟಡದಾಟದ ತುಣುಕುಗಳು ಅಂಥ ಉದಾಹರಣೆಯಾಗಿವೆ. ಇವುಗಳ ತಯಾರಿಕೆಯು 1963ರಲ್ಲಿ ನಿಂತಿತು. ಈ ಅಂತ್ಯವನ್ನು ಕುರಿತು ಸಾಮಾನ್ಯವಾಗಿ ಹೇಳಲಾಗುವ ಕಥೆಯು ಎಷ್ಟರಮಟ್ಟಿಗೆ ನಿಲ್ಲಬಲ್ಲುದು ಎಂಬುದನ್ನು ಪರಿಶೀಲಿಸಿ, ಆ ಪರಿಶೀಲನೆಯಿಂದ ನಮ್ಮ ಪ್ರಾದೇಶಿಕ ಇತಿಹಾಸದ ಅಭ್ಯಾಸಕ್ಕೆ ಏನಾದರೂ ಪ್ರಯೋಜನವುಂಟೇ ಎಂಬುದನ್ನು ನೋಡುವುದೇ ಇಲ್ಲಿಯ ಉದ್ದೇಶ.

2

ಮೊದಲು ಸಂಗತಿಗಳನ್ನು ಸಂಗ್ರಹವಾಗಿ ಹೇಳುವುದು ಅವಶ್ಯ. ರುಡೋಲ್‌ಸ್ಟಾಟಿನ ಸಮೀಪದಲ್ಲಿಯೇ ಇರುವ ಬಾಡ್ ಬ್ಲಾಂಕೆನ್‌ಬುರ್ಗದಲ್ಲಿ ಫ್ರೀಡ್ರಿಖ್ ಫ್ರೋಬೆಲನು 1837ರಲ್ಲಿ ಶಿಶುಗಳ ಆಟಪಾಠಕ್ಕೆಂದು ಒಂದು ಸಂಸ್ಥೆಯನ್ನು ತೆರೆದನು; 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟನು. ಅವನು 'ಕೊಡುಗೆ'ಗಳೆಂದು ಕರೆದ ಆಟದ ಸಾಮಗ್ರಿಗಳಲ್ಲಿ ಮೂರನೆಯದು, ಎಂಟು ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ಮರದ ಘನ. ಮುಂದಿನ ಕೊಡುಗೆಗಳಲ್ಲಿ ಇದೇ ಘನವು ಇಟ್ಟಿಗೆಯಾಕಾರವಾಗಿಯೂ ಓರೆ ತುಂಡುಗಳಾಗಿಯೂ ವಿಭಾಗವಾಗುತ್ತದೆ. ಆಟ ಮುಗಿದ ಮೇಲೆ ತುಂಡುಗಳನ್ನೆಲ್ಲ ಮತ್ತೆ ಘನವಾಗಿ ಜೋಡಿಸಿ ಪೆಟ್ಟಿಗೆಯಲ್ಲಿಡಬೇಕೆಂಬುದು ಅವನ ನಿಯಮ. ಬಿಡಿಯಾದುದು ಇಡಿಯಾದುದರ ಭಾಗವೆಂಬ ಅರಿವು ಮಗುವಿಗೆ ಕೈಯ ಮೂಲಕವೇ ಬರಲಿ ಎಂಬುದು ಅವನ ಆಶಯವಾಗಿತ್ತು.

ಫ್ರೋಬೆಲನು 1852ರಲ್ಲಿ ತೀರಿಕೊಂಡನು. ಸುಮಾರು ಕಾಲು ಶತಮಾನದ ತರುವಾಯ ಓಟ್ಟೋ ಲಿಲಿಯೆಂಟಾಲ್ ಮತ್ತು ಗುಸ್ಟಾಫ್ ಲಿಲಿಯೆಂಟಾಲ್ ಎಂಬ ಸೋದರರು ಮರದ ಬದಲು ಕೃತಕ ಕಲ್ಲಿನಿಂದ ಇಂಥ ತುಣುಕುಗಳನ್ನು ಮಾಡುವ ಪ್ರಯೋಗದಲ್ಲಿ ತೊಡಗಿದರು. ಬೆಣಚುಕಲ್ಲಿನ ಮರಳು, ಸೀಮೆಸುಣ್ಣ, ಅಗಸೆ ಎಣ್ಣೆ ಈ ಮೂರನ್ನು ಬೆರೆಸಿ ಅಚ್ಚಿನಲ್ಲಿ ಒತ್ತಿ ಗಟ್ಟಿಗೊಳಿಸುವುದು ಅವರು ಕಂಡುಹಿಡಿದ ವಿಧಾನ. ಅಗಸೆ ನಮ್ಮ ಎರೆಹೊಲಗಳ ಪರಿಚಿತ ಬೆಳೆಯಾದುದರಿಂದ ಅದರ ಎಣ್ಣೆಯು ಗಾಳಿಗೆ ಒಣಗಿ ಗಟ್ಟಿಯಾಗುವ ಗುಣವು ಓದುಗರಿಗೆ ತಿಳಿದದ್ದೇ. ಸೋದರರು ತಮ್ಮ ವಸ್ತುವನ್ನು ಮಾರಲಾರದೆ ಹೋದರು. 1880ರಲ್ಲಿ ರುಡೋಲ್‌ಸ್ಟಾಟಿನ ಸಿರಿವಂತ ವ್ಯಾಪಾರಿಯೂ ಔಷಧಿ ತಯಾರಕನೂ ಆದ ಫ್ರೀಡ್ರಿಖ್ ಆಡೋಲ್ಫ್ ರಿಕ್ಟರನು ಅದರ ಹಕ್ಕನ್ನು ಕೊಂಡುಕೊಂಡನು. ಲಂಗರಿನ ಚಿಹ್ನೆಯು ಅವನ ವ್ಯಾಪಾರದ ಗುರುತು; ಜರ್ಮನ್ ಭಾಷೆಯಲ್ಲಿ ಲಂಗರಿಗೆ ಆಂಕರ್ ಎಂದು ಹೆಸರು. ಆಟಿಕೆಗೆ ಈ ಹೆಸರು ಬಂದುದು ಹೀಗೆ.

ಕಲ್ಲುಗಳು ಮೂರು ಬಣ್ಣದವು: ಇಟ್ಟಿಗೆಯ ಕೆಂಪು, ಸುಣ್ಣಕಲ್ಲಿನ ತಿಳಿಹಳದಿ, ಹೆಂಚುಕಲ್ಲಿನ ನೀಲಿ. ದೊಡ್ಡ ಶ್ರೇಣಿಯ ಪೆಟ್ಟಿಗೆಗಳಲ್ಲಿ 25 ಮಿಲಿಮೀಟರು, ಚಿಕ್ಕ ಶ್ರೇಣಿಯಲ್ಲಿ 20 ಮಿಲಿಮೀಟರು ಮೂಲಮಾನ. ಘನ, ಇಟ್ಟಿಗೆ, ಕಂಬ, ಕಮಾನು, ಮಾಡಿನ ಓರೆತುಂಡು ಮೊದಲಾದ ಆಕಾರಗಳೆಲ್ಲ ಈ ಮಾನದ ಗುಣಕಗಳೋ ಭಾಗಗಳೋ ಆಗಿರುತ್ತವೆ. ತುಣುಕುಗಳಿಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಗೂಟವಿಲ್ಲ, ಅಂಟಿಲ್ಲ. ಕಟ್ಟಿದ ಕಟ್ಟಡವು ಕೇವಲ ತನ್ನ ತೂಕದಿಂದ ನಿಲ್ಲತಕ್ಕದ್ದು. ಮಲಪ್ರಭೆಯ ಕಣಿವೆಯಲ್ಲಿ ಬೆಳೆದವರಿಗೆ ಈ ತತ್ತ್ವವು ಹೊಸದಲ್ಲ. ಕಿತ್ತೂರಿಗೆ ಸಮೀಪದ ದೇಗಾಂವದಲ್ಲಿರುವ ಹನ್ನೆರಡನೆಯ ಶತಮಾನದ ಕಮಲನಾರಾಯಣ ದೇವಾಲಯವನ್ನಾಗಲಿ, ನದಿಯ ಕೆಳಪಾತ್ರದ ಪಟ್ಟದಕಲ್ಲಿನ ಗುಡಿಗಳನ್ನಾಗಲಿ ಕಂಡವರು, ಗಾರೆಯನ್ನು ನೆಚ್ಚದೆ ಕಲ್ಲಿನ ಮೇಲೆ ಕಲ್ಲು ತೂಕದಿಂದಲೇ ಕೂಡುವ ಬಗೆಯನ್ನು ಬಲ್ಲರು. ಯಂತ್ರಯುಗದ ಮಗುವಿಗೆ ರಿಕ್ಟರನ ಪೆಟ್ಟಿಗೆಯು ಕಲಿಸುತ್ತಿದ್ದುದು ಇದೇ ಹಳೆಯ ಪಾಠವನ್ನು.

ಪ್ರತಿ ಪೆಟ್ಟಿಗೆಯೊಡನೆ ಕಟ್ಟಡಗಳ ಮುಂಭಾಗದ ಚಿತ್ರಗಳೂ, ಯಾವ ವರಸೆಯಲ್ಲಿ ಯಾವ ಕಲ್ಲು ಬರಬೇಕೆಂಬುದನ್ನು ತೋರಿಸುವ ನಕ್ಷೆಗಳೂ ಇರುವ ಪುಸ್ತಿಕೆ ದೊರೆಯುತ್ತಿತ್ತು. ಕಲ್ಲುಗಳನ್ನು ಪೆಟ್ಟಿಗೆಯಲ್ಲಿ ಮರಳಿ ಜೋಡಿಸಿಡುವ ಕ್ರಮಕ್ಕೂ ಬೇರೆ ನಕ್ಷೆಯಿತ್ತು. ಪೆಟ್ಟಿಗೆಗಳಿಗೆ ಅನುಕ್ರಮ ಸಂಖ್ಯೆಗಳಿದ್ದು, 6ನೆಯದನ್ನು ಕೊಂಡವರು 6ಎ ಎಂಬ ಪೂರಕ ಪೆಟ್ಟಿಗೆಯನ್ನು ಸೇರಿಸಿದರೆ ಅದು 8ನೆಯದಕ್ಕೆ ಸಮನಾಗುತ್ತಿತ್ತು. ಅದಕ್ಕೆ 8ಎ ಸೇರಿದರೆ 10ನೆಯದು. ವಿಯೆನ್ನಾ, ಲಂಡನ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್ ನಗರಗಳಲ್ಲಿ ಸಂಸ್ಥೆಯ ಶಾಖೆಗಳಿದ್ದವು. ರಿಕ್ಟರನು 1910ರಲ್ಲಿ ಮೃತನಾದನು. ಎರಡನೆಯ ಮಹಾಯುದ್ಧದ ತರುವಾಯ ಕಾರ್ಖಾನೆಯು ಪೂರ್ವ ಜರ್ಮನಿಗೆ ಸೇರಿ ಸರಕಾರದ ಸ್ವಾಮ್ಯಕ್ಕೆ ಒಳಪಟ್ಟಿತು. 1963ರಲ್ಲಿ ತಯಾರಿಕೆ ನಿಂತಿತು. 1995ರಲ್ಲಿ ಅದೇ ಊರಿನಲ್ಲಿ ಹೊಸದೊಂದು ಸಂಸ್ಥೆಯು ಅದನ್ನು ಮತ್ತೆ ಆರಂಭಿಸಿತು.

3

ಈ ಸಂಗತಿಗಳಿಂದ ಒಂದು ಪ್ರಚಲಿತ ಕಥೆ ಹುಟ್ಟಿಕೊಂಡಿದೆ. ಇಬ್ಬರು ಪ್ರತಿಭಾವಂತ ಸೋದರರು ಆಟಿಕೆಯನ್ನು ಕಂಡುಹಿಡಿದರು. ವ್ಯಾಪಾರಿಯೊಬ್ಬನು ಅದನ್ನು ಅಗ್ಗವಾಗಿ ಕೊಂಡು ಲಾಭ ಪಡೆದನು. ಪ್ಲಾಸ್ಟಿಕ್ಕಿನ ಇಟ್ಟಿಗೆ ಬಂದು ಅದನ್ನು ಕೊಂದಿತು. ಕಡೆಗೆ ಅಭಿಮಾನಿಗಳು ಅದಕ್ಕೆ ಮರುಜೀವ ಕೊಟ್ಟರು. ಈ ನಾಲ್ಕು ಮಾತುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಇವನ್ನು ಜೋಡಿಸಿರುವ ಕ್ರಮವು ಇತಿಹಾಸಕ್ಕಿಂತ ಕಥಾನಕಕ್ಕೆ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕರ್ತೃತ್ವದ ಪ್ರಶ್ನೆ. ಓಟ್ಟೋ ಲಿಲಿಯೆಂಟಾಲನು 1891ರಿಂದ ರೆಕ್ಕೆ ಕಟ್ಟಿಕೊಂಡು ಹಾರುವ ಪ್ರಯೋಗಗಳನ್ನು ಮಾಡಿ, 1896ರ ಆಗಸ್ಟಿನಲ್ಲಿ ಹಾಗೆ ಹಾರುವಾಗಲೇ ಬಿದ್ದು ಮಡಿದನು. ವಿಮಾನವಿದ್ಯೆಯ ಆದ್ಯರಲ್ಲಿ ಒಬ್ಬನೆಂಬ ಅವನ ಕೀರ್ತಿಯು ಆಟಿಕೆಯ ಚರಿತ್ರೆಯ ಮೇಲೂ ತನ್ನ ನೆರಳನ್ನು ಚೆಲ್ಲಿದೆ. ಸೋದರರು ಅನಂತರ ತಾವೇ ಕಲ್ಲುಗಳನ್ನು ಮಾರಲು ಯತ್ನಿಸಿ ರಿಕ್ಟರನೊಡನೆ ನಡೆದ ವ್ಯಾಜ್ಯದಲ್ಲಿ ಸೋತುದು ನಮ್ಮ ಅನುಕಂಪವನ್ನು ಸಹಜವಾಗಿ ಅವರ ಕಡೆಗೆ ತಿರುಗಿಸುತ್ತದೆ. ಆದರೆ ಅನುಕಂಪವನ್ನು ಪ್ರಮಾಣವೆಂದು ಗ್ರಹಿಸಲಾಗದು. ಒಂದು ಘನವನ್ನು ಮಾನವಾಗಿಟ್ಟುಕೊಂಡು ಅದರ ಭಾಗಗಳಿಂದ ಆಟವನ್ನು ರಚಿಸುವ ಯೋಜನೆ ಫ್ರೋಬೆಲನದು. ಆ ಯೋಜನೆಗೆ ತಕ್ಕ ಸಾಮಗ್ರಿಯು ಲಿಲಿಯೆಂಟಾಲರದು. ಪೆಟ್ಟಿಗೆ, ಪುಸ್ತಿಕೆ, ಪೂರಕ, ಸಂಖ್ಯೆ ಇವುಗಳ ವ್ಯವಸ್ಥೆಯು ರಿಕ್ಟರನ ಸಂಸ್ಥೆಯದು. ಸಾಮಗ್ರಿಯನ್ನು ಕಂಡುಹಿಡಿದವರನ್ನು ಮಾತ್ರ ಕರ್ತೃಗಳೆಂದು ಕರೆಯುವುದು, ಇಟ್ಟಿಗೆ ಸುಟ್ಟವನನ್ನೇ ಮನೆಯ ಶಿಲ್ಪಿಯೆಂದು ಕರೆದಂತೆ.

ಈ ಮಾತಿಗೆ ಮಹತ್ತ್ವವಿರುವುದು ಯಾರಿಗೆ ಕೀರ್ತಿ ಸಲ್ಲಬೇಕೆಂಬ ವಿವಾದದಿಂದಲ್ಲ. ಆಟಿಕೆಯು ಎಂಬತ್ತು ವರ್ಷ ಬಾಳಿದುದು ಯಾವುದರ ಬಲದಿಂದ ಎಂಬುದು ಇದರಿಂದ ತಿಳಿಯುತ್ತದೆ. ಆ ಕಲ್ಲು ಮರಕ್ಕಿಂತ ಬೇಗ ಮುಕ್ಕಾಗುತ್ತದೆ, ಗೀರು ಬೀಳುತ್ತದೆ. ಅದರ ಬಲವಿದ್ದುದು ಮಾನವು ಬದಲಾಗದೆ ಉಳಿದುದರಲ್ಲಿ. ತಂದೆಯ ಪೆಟ್ಟಿಗೆಗೆ ಮಗನು ಪೂರಕವನ್ನು ಕೊಂಡರೆ ಎರಡೂ ಕೂಡುತ್ತಿದ್ದವು. ಕೊಳ್ಳುವವನಿಗೂ ತಯಾರಿಸುವವನಿಗೂ ನಡುವೆ ಬರೆಯದೆ ಇದ್ದ ಒಂದು ಕರಾರಿತ್ತೆಂದು ಇದನ್ನು ವರ್ಣಿಸಬಹುದು. ಮುಂದೆ ಬರುವ ಕಲ್ಲು ಹಿಂದಿನ ಕಲ್ಲಿನೊಡನೆ ಸೇರತಕ್ಕದ್ದು ಎಂಬುದೇ ಆ ಕರಾರು. ತಯಾರಿಕೆಯ ಅಂತ್ಯವೆಂದರೆ ಈ ಕರಾರಿನ ಭಂಗ. ಅದನ್ನು ಈ ದೃಷ್ಟಿಯಿಂದಲೇ ಅಳೆಯಬೇಕು.

ಎರಡನೆಯದು ಕಾರಣದ ಪ್ರಶ್ನೆ. ಡೆನ್ಮಾರ್ಕಿನ ಲೆಗೋ ಸಂಸ್ಥೆಯು 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳ ತಯಾರಿಕೆಯನ್ನು ಆರಂಭಿಸಿತು. 1958ರಲ್ಲಿ ಇಟ್ಟಿಗೆಯೊಳಗೆ ಕೊಳವೆಗಳಿರುವ ರಚನೆಗೆ ಪೇಟೆಂಟು ಬೇಡಿತು. 1963ರಲ್ಲಿ ಎಬಿಎಸ್ ಎಂಬ ಹೆಚ್ಚು ಬಾಳುವ ಪ್ಲಾಸ್ಟಿಕ್ಕನ್ನು ಬಳಸತೊಡಗಿತು. ಆಂಕರ್ ಕಲ್ಲಿನ ತಯಾರಿಕೆ ನಿಂತುದೂ ಇದೇ 1963ರಲ್ಲಿ. ಎರಡು ಘಟನೆಗಳು ಒಂದೇ ವರ್ಷದಲ್ಲಿ ಬಿದ್ದುದರಿಂದ ಒಂದು ಇನ್ನೊಂದರ ಕಾರಣವೆಂಬ ಭ್ರಮೆ ಹುಟ್ಟುವುದು ಸ್ವಾಭಾವಿಕ. ಆದರೆ ರುಡೋಲ್‌ಸ್ಟಾಟಿನ ಕಾರ್ಖಾನೆಯ ಬೇರುಗಳು ಅದಕ್ಕೂ ಅರ್ಧಶತಮಾನ ಮೊದಲೇ ಕತ್ತರಿಸಲ್ಪಡುತ್ತ ಬಂದಿದ್ದವು. 1914ರ ಯುದ್ಧವು ವಿದೇಶದ ಶಾಖೆಗಳನ್ನು ಅದರಿಂದ ಬೇರ್ಪಡಿಸಿತು. ನ್ಯೂಯಾರ್ಕಿನ ಶಾಖೆಯನ್ನು ಅಮೆರಿಕದ ಸರಕಾರವು ಶತ್ರುದೇಶದ ಸ್ವತ್ತೆಂದು ವಶಪಡಿಸಿಕೊಂಡಿತು. 1917ರ ಕ್ರಾಂತಿಯಿಂದ ರಷ್ಯದ ಹಳೆಯ ಗಿರಾಕಿವರ್ಗವೇ ಇಲ್ಲವಾಯಿತು. ಎರಡನೆಯ ಯುದ್ಧದ ಬಳಿಕ ದೇಶವು ಇಬ್ಭಾಗವಾಗಿ, ಜರ್ಮನಿಯ ಪಶ್ಚಿಮ ಭಾಗದ ಗಿರಾಕಿಗಳು ಗಡಿಯ ಆಚೆಗೆ ಉಳಿದರು. ಇಂಥ ಸ್ಥಿತಿಯಲ್ಲಿದ್ದ ಉದ್ಯಮವನ್ನು ಕೊಲ್ಲಲು ಪ್ಲಾಸ್ಟಿಕ್ಕೇ ಬರಬೇಕಾಗಿರಲಿಲ್ಲ.

ಇದಲ್ಲದೆ, ಎರಡು ಆಟಿಕೆಗಳ ರಚನೆಯಲ್ಲಿಯೇ ಒಂದು ಆರ್ಥಿಕ ಭೇದವುಂಟು. ಕಚ್ಚಿಕೊಳ್ಳುವ ಇಟ್ಟಿಗೆಯು ಕೆಲವೇ ಆಕಾರಗಳಿಂದ ಬಹುವಿಧ ಕಟ್ಟಡಗಳನ್ನು ಸಾಧಿಸುತ್ತದೆ. ತೂಕದಿಂದ ನಿಲ್ಲುವ ಕಲ್ಲಿಗಾದರೆ ಕಮಾನಿನ ಒಂದೊಂದು ಅಗಲಕ್ಕೂ, ಮಾಡಿನ ಒಂದೊಂದು ಓರೆಗೂ ಬೇರೆ ಬೇರೆ ತುಣುಕು ಬೇಕು. ಆದ್ದರಿಂದ ನೂರಾರು ಬಗೆಯ ಅಚ್ಚುಗಳು ಬೇಕು. ಮಗುವು ಬೀದಿಯಲ್ಲಿ ಕಾಣುವ ಕಟ್ಟಡಗಳೂ ಅಷ್ಟರಲ್ಲಿ ಬದಲಾಗಿದ್ದವು. 1880ರ ದಶಕದ ಜರ್ಮನ್ ಬಾಲಕನು ಪೆಟ್ಟಿಗೆಯಿಂದ ಕಟ್ಟಿದ ಕಮಾನು ಗೋಪುರಗಳನ್ನು ತನ್ನ ಊರಿನ ಚರ್ಚಿನಲ್ಲಿಯೂ ರೈಲು ನಿಲ್ದಾಣದಲ್ಲಿಯೂ ಕಾಣುತ್ತಿದ್ದನು. 1960ರ ದಶಕದ ಬಾಲಕನ ಸುತ್ತಲೂ ಏಳುತ್ತಿದ್ದುದು ಕಾಂಕ್ರೀಟಿನ ಸಪಾಟು ಗೋಡೆಗಳು. ಪ್ಲಾಸ್ಟಿಕ್ಕಿನ ಪೈಪೋಟಿಯನ್ನು ನಾವು ಅಲ್ಲಗಳೆಯುತ್ತಿಲ್ಲ. ಅದು ಅನೇಕ ಕಾರಣಗಳಲ್ಲಿ ಒಂದು, ಬಹುಶಃ ಕಾಲದಲ್ಲಿ ಕಡೆಯದು. ಕಡೆಯ ಕಾರಣವನ್ನೇ ಏಕೈಕ ಕಾರಣವೆಂದು ಬರೆಯುವ ದೋಷವು ನಮ್ಮ ಕೈಮಗ್ಗ, ಕಂಬಳಿ, ಕುಂಬಾರಿಕೆಗಳ ಚರಿತ್ರೆಗಳಲ್ಲಿಯೂ ಧಾರಾಳವಾಗಿ ಕಾಣಬರುತ್ತದೆ.

ಮೂರನೆಯದು ಅಂತ್ಯದ ಅರ್ಥ. 1963ರಿಂದ 1995ರವರೆಗೆ ಮೂವತ್ತೆರಡು ವರ್ಷ ಹೊಸ ಕಲ್ಲು ತಯಾರಾಗಲಿಲ್ಲ. ಆದರೆ ಹಳೆಯ ಕಲ್ಲುಗಳಿಂದ ಕಟ್ಟುವುದು ನಿಲ್ಲಲಿಲ್ಲ. 1979ರಲ್ಲಿ ನೆದರ್ಲೆಂಡ್ಸಿನಲ್ಲಿ ಆಂಕರ್ ಕಲ್ಲಿನ ಆಸಕ್ತರ ಸಂಘವೊಂದು ಸ್ಥಾಪನೆಯಾಯಿತು. ಪೆಟ್ಟಿಗೆಗಳ ಸಂಖ್ಯೆ, ಕಲ್ಲುಗಳ ಅಳತೆ, ನಕ್ಷೆಗಳು ಇವೆಲ್ಲವೂ ಇಂಥವರ ಕೈಯಲ್ಲಿ ಉಳಿದವು. ಹೀಗೆ, ತಯಾರಿಕೆಯೂ ಹೊಸ ಮಾರಾಟವೂ ನಿಂತಿದ್ದರೂ ಬಳಕೆಯೂ ವಿದ್ಯೆಯೂ ನಿಂತಿರಲಿಲ್ಲ. 1995ರ ಪುನರಾರಂಭವನ್ನು ಪವಾಡವೆಂಬಂತೆ ವರ್ಣಿಸುವವರು ಈ ಮಾತನ್ನು ಗಮನಿಸುವುದಿಲ್ಲ. ಅಳತೆಯು ಬರವಣಿಗೆಯಲ್ಲಿ ಇದ್ದುದರಿಂದಲೂ, ಮಾದರಿಯು ಕೈಯಲ್ಲಿ ಇದ್ದುದರಿಂದಲೂ ಅದು ಸಾಧ್ಯವಾಯಿತು. ಹೊಸ ಕಲ್ಲುಗಳು ಹಳೆಯವುಗಳೊಡನೆ ಕೂಡುವಂತೆ ತಯಾರಾಗುವುದರಿಂದ, ಮುರಿದ ಕರಾರು ಮತ್ತೆ ಊರ್ಜಿತವಾಯಿತೆಂದು ಹೇಳಬಹುದು.

ಹೋಲಿಕೆಗಾಗಿ ಇನ್ನೊಂದು ಅಂತ್ಯವನ್ನು ಗಮನಿಸಬಹುದು. ಅದೇ ಲೆಗೋ ಸಂಸ್ಥೆಯು 1932ರಿಂದ ಮರದ ಆಟಿಕೆಗಳನ್ನು ಮಾಡುತ್ತಿದ್ದು, ಬೆಂಕಿಯ ಅನಾಹುತವೊಂದರ ತರುವಾಯ 1960ರಲ್ಲಿ ಅವುಗಳನ್ನು ಕೈಬಿಟ್ಟಿತು. ಅಲ್ಲಿ ಒಂದು ಶ್ರೇಣಿ ನಿಂತರೂ ಸಂಸ್ಥೆಯು ಬೆಳೆಯಿತು. ಇಲ್ಲಿ ಶ್ರೇಣಿಯೊಡನೆ ಕಾರ್ಖಾನೆಯ ಹಳೆಯ ಬಾಳೂ ಮುಗಿಯಿತು. ಎರಡಕ್ಕೂ ನಾವು ಬಳಸುವ ಕ್ರಿಯಾಪದ ಒಂದೇ.

4

ಈ ವಿವೇಚನೆಯನ್ನು ನಮ್ಮ ಸೀಮೆಗೆ ತಂದು ನೋಡಿದರೆ ಮೂರು ವಿಧದ ಆಟಿಕೆಗಳು ಕಾಣುತ್ತವೆ. ಮೊದಲನೆಯದು ಕಾಲಮಾನದೊಡನೆ ಬರುವ ಮಣ್ಣಿನ ಆಟಿಕೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಿಂದ ಎತ್ತುಗಳನ್ನು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಮಕ್ಕಳು ಗುಳ್ಳವ್ವನನ್ನು ಮಾಡಿ ಕೂಡಿಸಿ ಹಾಡುತ್ತಾರೆ. ಬೆಳಗಾವಿ ನಗರದಲ್ಲಿ ದೀಪಾವಳಿಗೆ ಹುಡುಗರು ಮಣ್ಣುಕಲ್ಲುಗಳಿಂದ ಕಿಲ್ಲೆ ಕಟ್ಟುತ್ತಾರೆ. ಇಲ್ಲಿ ವಸ್ತುವು ಉಳಿಯುವುದಿಲ್ಲ, ಉಳಿಯಬೇಕೆಂಬ ಉದ್ದೇಶವೂ ಇಲ್ಲ. ಮಾಡುವ ವಿದ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಬರುತ್ತದೆ. ಆಂಕರ್ ಕಲ್ಲಿನ ಸ್ಥಿತಿಗೆ ಇದು ನೇರವಾಗಿ ವಿಪರೀತ: ಅಲ್ಲಿ ವಸ್ತು ಉಳಿದು ತಯಾರಿಕೆ ನಿಂತಿತು, ಇಲ್ಲಿ ವಸ್ತು ಕರಗಿ ತಯಾರಿಕೆ ಉಳಿಯುತ್ತದೆ.

ಎರಡನೆಯದು ಮನೆತನದ ಕಸಬಾಗಿ ಬಂದ ಆಟಿಕೆ. ಗೋಕಾಕದ ಹಗುರಮರದ ಬೊಂಬೆಗಳೂ ಹಣ್ಣುಕಾಯಿಗಳ ಪ್ರತಿಕೃತಿಗಳೂ, ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಮಾಡುವ ಬೊಂಬೆಗಳೂ ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಪೆಟ್ಟಿಗೆಯ ಸಂಖ್ಯೆಯಿಲ್ಲ, ನಕ್ಷೆಯ ಪುಸ್ತಿಕೆಯಿಲ್ಲ. ಮರದ ಆಯ್ಕೆ, ಹುಣಿಸೆಬೀಜದ ಅಂಟಿನ ಹದ, ಬಣ್ಣದ ಪದರಗಳ ಕ್ರಮ ಎಲ್ಲವೂ ಕೈಯಿಂದ ಕೈಗೆ ಬಂದವು. ಆದುದರಿಂದ ಒಂದು ಮನೆತನವು ಕಸಬನ್ನು ಬಿಟ್ಟ ದಿನ, ರುಡೋಲ್‌ಸ್ಟಾಟಿನಲ್ಲಿ ಬೇರೆ ಬೇರೆಯಾಗಿ ಉಳಿದ ನಾಲ್ಕು ಸಂಗತಿಗಳಲ್ಲಿ ಮೂರು ಒಂದೇ ಏಟಿಗೆ ನಿಲ್ಲುತ್ತವೆ. ಕೊಂಡವರ ಮನೆಯಲ್ಲಿ ಬೊಂಬೆ ಇರುವಷ್ಟು ಕಾಲ ಬಳಕೆಯೊಂದು ಉಳಿಯುತ್ತದೆ. ಕಿನ್ನಾಳದ ಬೊಂಬೆಗಳಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿರುವುದು ಸಂತೋಷದ ವಿಷಯವೇ. ಆದರೆ ಅದರ ಮುಖ್ಯ ಕಾರ್ಯವು ಹೆಸರಿನ ರಕ್ಷಣೆ; ಒಂದೊಂದು ಬೊಂಬೆಯ ಅಳತೆಯನ್ನೂ ಒಂದೊಂದು ಕೈಯ ಪದ್ಧತಿಯನ್ನೂ ಬರೆದಿಡುವುದು ಅದರ ಕೆಲಸವಲ್ಲ.

ಮೂರನೆಯದು ಕಾರ್ಖಾನೆಯ ಆಟಿಕೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ತಯಾರಿಕೆಯ ಸಮುಚ್ಚಯಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಅದೇ ವರ್ಷದ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣದ ಆಜ್ಞೆಯು ಜಾರಿಗೆ ಬಂದಿತು. ಇನ್ನು ಮುಂದೆ ಕಾರ್ಖಾನೆಯ ಆಟಿಕೆಗೆ ಪ್ರಮಾಣಪತ್ರ, ಮಾದರಿ ಸಂಖ್ಯೆ, ತಯಾರಿಕೆಯ ದಿನಾಂಕ ಎಲ್ಲವೂ ಇರುತ್ತವೆ. ಐವತ್ತು ವರ್ಷಗಳ ನಂತರ ಕೊಪ್ಪಳ ಸೀಮೆಯ ಆಟಿಕೆಗಳ ಇತಿಹಾಸವನ್ನು ಬರೆಯುವವನಿಗೆ ಭಾನಾಪುರದ ದಾಖಲೆಗಳು ರಾಶಿಯಾಗಿ ಸಿಕ್ಕಿ, ಅಲ್ಲಿಗೆ ದೂರವಲ್ಲದ ಕಿನ್ನಾಳದ ಬಗೆಗೆ ಕಸಬು ನಿಂತುಹೋಯಿತೆಂಬ ಒಂದೇ ವಾಕ್ಯ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ದಾಖಲೆಯಿದ್ದುದೇ ಇತಿಹಾಸವೆಂದು ತಿಳಿಯುವ ನಮ್ಮ ಅಭ್ಯಾಸವು ಇಲ್ಲಿ ಅಪಾಯಕಾರಿಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಗಣಿಸುವುದು ನ್ಯಾಯ. ಯಂತ್ರದ ಅಚ್ಚಿನಲ್ಲಿ ಬಿದ್ದ ಕಲ್ಲಿಗೆ ಮಿಲಿಮೀಟರಿನ ಅಳತೆ ಹೊಂದುತ್ತದೆ. ಕೈಯಿಂದ ಕೆತ್ತಿದ ಬೊಂಬೆಯು ಪ್ರತಿ ಸಲವೂ ಸ್ವಲ್ಪ ಬೇರೆಯಾಗುತ್ತದೆ. ಆ ವ್ಯತ್ಯಾಸವೇ ಅದರ ಜೀವಾಳ. ಅದನ್ನು ಅಳೆದು ಬರೆದಿಟ್ಟರೆ ಕಸಬನ್ನು ಕಾರ್ಖಾನೆಯ ಕಣ್ಣಿನಿಂದ ನೋಡಿದಂತಾಗುವುದಿಲ್ಲವೇ? ಈ ಆಕ್ಷೇಪಣೆಯಲ್ಲಿ ತಥ್ಯವಿದೆ. ಆದರೆ ಅಳೆಯುವುದೆಂದರೆ ಒಂದೇ ಅಳತೆಯನ್ನು ವಿಧಿಸುವುದೆಂದು ಅರ್ಥವಲ್ಲ. ಒಂದೇ ಕೈಯ ಹತ್ತು ಬೊಂಬೆಗಳನ್ನು ಅಳೆದು ಅವುಗಳ ನಡುವಣ ವ್ಯತ್ಯಾಸವನ್ನು ಬರೆದರೆ, ಆ ಕೈಗೆ ಎಷ್ಟು ಸ್ವಾತಂತ್ರ್ಯವಿತ್ತು, ಎಲ್ಲಿ ಕಟ್ಟಿತ್ತು ಎಂಬುದೇ ತಿಳಿಯುತ್ತದೆ. ಕೆಲಸದ ಕ್ರಮ, ಉಳಿ ಬಾಚಿಗಳ ಹೆಸರು, ಸಾಮಗ್ರಿ ಬರುತ್ತಿದ್ದ ಊರು ಇವುಗಳನ್ನು ಬರೆದಿಡುವುದರಿಂದ ಕಸಬುದಾರನಿಗೆ ನಷ್ಟವಿಲ್ಲ. ಆದರೆ ಅವನ ಸಮ್ಮತಿಯಿಲ್ಲದೆ ಬರೆಯಕೂಡದು. ಬರೆದುದರ ಒಂದು ಪ್ರತಿಯು ಅವನ ಮನೆಯಲ್ಲಿಯೂ ಇರತಕ್ಕದ್ದು. ಲಿಲಿಯೆಂಟಾಲ್ ಸೋದರರ ವ್ಯಾಜ್ಯವು ಈ ಎಚ್ಚರಿಕೆಯನ್ನು ನಮಗೆ ಕಲಿಸಬೇಕು.

5

ಆಂಕರ್ ಕಲ್ಲಿನ ಚರಿತ್ರೆಯಿಂದ ನಾವು ಪಡೆಯಬಹುದಾದ ಪ್ರಯೋಜನವು ಮಿತವಾದುದು, ಆದರೆ ಖಚಿತವಾದುದು. ಒಂದು ವಸ್ತುವಿನ ಅಂತ್ಯವನ್ನು ಬರೆಯುವಾಗ ತಯಾರಿಕೆ, ಮಾರಾಟ, ಬಳಕೆ, ವಿದ್ಯೆ ಈ ನಾಲ್ಕನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಕಡೆಯ ಕಾರಣವನ್ನು ಏಕೈಕ ಕಾರಣವೆಂದು ಗಣಿಸಬಾರದು. ಸಾಮಗ್ರಿಯ ಕರ್ತೃವನ್ನೂ ವ್ಯವಸ್ಥೆಯ ಕರ್ತೃವನ್ನೂ ಬೇರೆಯಾಗಿ ಗುರುತಿಸಬೇಕು.

ನಮ್ಮ ವಿಭಾಗದ ಕ್ಷೇತ್ರಕಾರ್ಯದ ಪ್ರಬಂಧಗಳಲ್ಲಿ ಈ ನಾಲ್ಕು ಶೀರ್ಷಿಕೆಗಳನ್ನು ಕಡ್ಡಾಯವಾಗಿ ಸೇರಿಸಬೇಕೆಂದು ನಮ್ಮ ಸೂಚನೆ. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಮಾರಾಟಕ್ಕೆ ಬರುವ ಆಟಿಕೆಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಯಾವುದು ಎಲ್ಲಿಂದ ಬಂದಿತು, ಯಾರು ಮಾಡಿದರು, ಯಾವುದು ಈ ವರ್ಷ ಬರಲಿಲ್ಲ, ಬಾರದ್ದನ್ನು ಮಾಡಬಲ್ಲವರು ಈಗಲೂ ಇದ್ದಾರೆಯೇ ಎಂಬುದನ್ನು ವಿಚಾರಿಸಲು ಒಂದು ಅಳತೆಪಟ್ಟಿ, ಒಂದು ವಹಿ, ಎರಡು ದಿನಗಳ ಕಾಲಾವಕಾಶ ಸಾಕು. ವರ್ಷವೂ ನಡೆದರೆ ಹತ್ತು ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಆಟಿಕೆಗಳಿಗೆ ನಂಬತಕ್ಕ ಒಂದು ಪಟ್ಟಿಯು ಸಿದ್ಧವಾಗುತ್ತದೆ. ಅಂಥ ಪಟ್ಟಿಯಿದ್ದಲ್ಲಿ, ಎಂದೋ ಒಂದು ಕಸಬು ನಿಂತರೂ ಅದನ್ನು ಮತ್ತೆ ಕೈಗೆತ್ತಿಕೊಳ್ಳಬಯಸುವವರಿಗೆ ಅಳತೆಯಾದರೂ ದೊರೆಯುವುದು.